ಮಾತು ಜರ್ಮನ್, ಜನ ಆಸ್ಟ್ರಿಯನ್: ನೂರು ವರ್ಷದೊಳಗೆ ಬದಲಾದ ಒಂದು ಗುರುತು

1918ರ ನವೆಂಬರ್ 12ರಂದು ವಿಯೆನ್ನಾದಲ್ಲಿ ಹೊಸ ಗಣರಾಜ್ಯವೊಂದು ಹುಟ್ಟಿತು. ಅದರ ಕಾನೂನಿನ ಎರಡನೇ ಕಲಮು ಏನು ಹೇಳಿತ್ತು ಗೊತ್ತಾ? ಈ ದೇಶ ಜರ್ಮನ್ ಗಣರಾಜ್ಯದ ಒಂದು ಭಾಗ ಅಂತ! ದೇಶದ ಹೆಸರೂ 'ಜರ್ಮನ್ ಆಸ್ಟ್ರಿಯಾ'. ಹುಟ್ಟಿದ ದಿನವೇ ಇನ್ನೊಂದು ದೇಶದೊಳಗೆ ಸೇರಿಹೋಗಲು ಹೊರಟ ದೇಶ ಅದು. ಇವತ್ತು ಅದೇ ವಿಯೆನ್ನಾದವರನ್ನು ಜರ್ಮನ್ನರು ಅಂತ ಕರೆದರೆ ಹೆಚ್ಚಿನವರು ತಕ್ಷಣ ತಿದ್ದುತ್ತಾರೆ. ಆಡುವ ಮಾತು ಆಗಲೂ ಜರ್ಮನ್, ಈಗಲೂ ಜರ್ಮನ್. ಬದಲಾಗಿದ್ದು ತಾವು ಯಾರು ಅನ್ನುವ ಭಾವನೆ.

ಈ ಭಾವನೆ ಅನಾದಿ ಕಾಲದ್ದು ಅಂತ ಹೇಳುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ನೂರಾರು ವರ್ಷ ಜರ್ಮನ್ ನಾಡುಗಳ ಚಕ್ರವರ್ತಿ ಪಟ್ಟ ಆಸ್ಟ್ರಿಯಾವನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಕೈಯಲ್ಲೇ ಇತ್ತು. ಆಗ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ. 1866ರಲ್ಲಿ ಕ್ಯೋನಿಗ್‌ಗ್ರೆಟ್ಸ್ ಯುದ್ಧದಲ್ಲಿ ಉತ್ತರದ ಜರ್ಮನ್ ರಾಜ್ಯ ಪ್ರಷ್ಯಾ ಆಸ್ಟ್ರಿಯಾವನ್ನು ಸೋಲಿಸಿತು. 1871ರಲ್ಲಿ ಪ್ರಷ್ಯಾದ ಪ್ರಧಾನಿ ಬಿಸ್ಮಾರ್ಕ್ ಜರ್ಮನ್ ಸಾಮ್ರಾಜ್ಯ ಕಟ್ಟಿದಾಗ ಆಸ್ಟ್ರಿಯಾ ಅದರ ಹೊರಗೇ ಉಳಿಯಿತು. ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದಲ್ಲಿ ಚೆಕ್, ಹಂಗೇರಿಯನ್, ಪೋಲಿಷ್, ಕ್ರೊಯೇಷಿಯನ್, ಹೀಗೆ ಹತ್ತಾರು ಭಾಷೆಯ ಜನರಿದ್ದರು. ಅವರ ನಡುವೆ ಜರ್ಮನ್ ಮಾತಾಡುವವರು ನಿಷ್ಠೆಯಲ್ಲಿ ಚಕ್ರವರ್ತಿಯ ಪ್ರಜೆಗಳು, ಭಾಷೆಯಲ್ಲಿ ಜರ್ಮನ್ನರು. ಎರಡೂ ಒಟ್ಟಿಗೆ ನಡೆಯುತ್ತಿತ್ತು.

ಮೊದಲ ಮಹಾಯುದ್ಧ ಚಕ್ರವರ್ತಿಯನ್ನೂ ಸಾಮ್ರಾಜ್ಯವನ್ನೂ ಕೊಚ್ಚಿಕೊಂಡು ಹೋಯಿತು. ಐದು ಕೋಟಿಗೂ ಜಾಸ್ತಿ ಜನರಿದ್ದ ಸಾಮ್ರಾಜ್ಯದಲ್ಲಿ ಉಳಿದಿದ್ದು ಸುಮಾರು 65 ಲಕ್ಷ ಜನರ ಒಂದು ತುಂಡು. ಕಲ್ಲಿದ್ದಲು ಬರುತ್ತಿದ್ದ ಬೊಹೀಮಿಯಾ, ಧಾನ್ಯ ಬರುತ್ತಿದ್ದ ಹಂಗೇರಿ ಎರಡೂ ಬೇರೆ ದೇಶದ ಪಾಲಾದವು. ವಿಯೆನ್ನಾದಲ್ಲಿ ಹಸಿವು. ಇಷ್ಟು ಚಿಕ್ಕ ದೇಶ ಬದುಕುವುದೇ ಇಲ್ಲ ಎಂದು ಎಲ್ಲ ಪಕ್ಷದವರಿಗೂ ಅನ್ನಿಸಿತ್ತು. ಆದರೆ ಗೆದ್ದ ದೇಶಗಳಿಗೆ, ಅದರಲ್ಲೂ ಫ್ರಾನ್ಸಿಗೆ, ಸೋತ ಜರ್ಮನಿ ಇನ್ನೂ ದೊಡ್ಡದಾಗುವುದು ಬೇಡವಾಗಿತ್ತು. 1919ರ ಸೇಂಟ್ ಜರ್ಮೈನ್ ಒಪ್ಪಂದ ಆ ಸೇರ್ಪಡೆಗೆ ಅಡ್ಡಗಾಲು ಹಾಕಿತು. ಹೆಸರಿನಲ್ಲಿದ್ದ 'ಜರ್ಮನ್' ಕೂಡ ಹೋಯಿತು. ಜನ ಸುಮ್ಮನಾಗಲಿಲ್ಲ. 1921ರಲ್ಲಿ ಟಿರೋಲ್ ಮತ್ತು ಸಾಲ್ಜ್‌ಬರ್ಗ್ ಪ್ರಾಂತ್ಯಗಳು ತಾವಾಗಿಯೇ ಮತದಾನ ನಡೆಸಿದವು. ಶೇ 90ಕ್ಕೂ ಹೆಚ್ಚು ಮಂದಿ ಜರ್ಮನಿಯ ಪರ ಮತ ಹಾಕಿದರು. ಪಶ್ಚಿಮದ ತುದಿಯ ಫೊರಾರ್ಲ್‌ಬರ್ಗ್ ಅದಕ್ಕೂ ಮೊದಲೇ, 1919ರಲ್ಲಿ, ಸ್ವಿಟ್ಜರ್ಲೆಂಡಿಗೆ ಸೇರುತ್ತೇವೆ ಎಂದಿತ್ತು. ಆಸ್ಟ್ರಿಯಾ ಆಗಿಯೇ ಇರಬೇಕು ಎನ್ನುವ ಹಟ ಹೆಚ್ಚಿನವರಲ್ಲಿ ಇರಲೇ ಇಲ್ಲ.

ಹಿಟ್ಲರ್‌ನನ್ನು ವಿರೋಧಿಸಿದವರೂ ಈ ವಿಚಾರದಲ್ಲಿ ದಾರಿ ಬದಲಿಸಲಿಲ್ಲ. 1930ರ ದಶಕದಲ್ಲಿ ಸರ್ವಾಧಿಕಾರ ನಡೆಸಿದ ಡಾಲ್‌ಫಸ್ ಮತ್ತು ಶುಶ್ನಿಗ್ ಹೇಳುತ್ತಿದ್ದುದು ಇಷ್ಟೇ: ನಾವೂ ಜರ್ಮನ್ನರು, ಕ್ಯಾಥೊಲಿಕ್ಕರಾದ್ದರಿಂದ ಇನ್ನೂ ಒಳ್ಳೆಯ ಜರ್ಮನ್ನರು. ಆಸ್ಟ್ರಿಯನ್ನರದು ಬೇರೆಯದೇ ರಾಷ್ಟ್ರ ಎಂದು 1937ರಲ್ಲಿ ವಾದ ಕಟ್ಟಿ ಬರೆದವನು ಆಲ್‌ಫ್ರೆಡ್ ಕ್ಲಾರ್ ಎಂಬ ಕಮ್ಯುನಿಸ್ಟ್. ಆಗ ಅವನ ಮಾತಿಗೆ ಕಿವಿಗೊಟ್ಟವರು ಕಡಿಮೆ. ಆಮೇಲೆ ಅವನನ್ನು ನಾಜಿಗಳು ಕೊಂದರು.

1938ರ ಮಾರ್ಚ್ 12ರಂದು ಜರ್ಮನ್ ಸೇನೆ ಒಳಗೆ ಬಂತು. ಮೂರು ದಿನದ ನಂತರ ವಿಯೆನ್ನಾದ ಹೆಲ್ಡನ್‌ಪ್ಲಾಟ್ಸ್ ಮೈದಾನದಲ್ಲಿ ಹಿಟ್ಲರ್ ಭಾಷಣ ಕೇಳಲು ಲಕ್ಷಗಟ್ಟಲೆ ಜನ ಸೇರಿದರು. ಜರ್ಮನಿಗೆ ಸೇರಿದ್ದರ ಬಗ್ಗೆ ಏಪ್ರಿಲ್‌ನಲ್ಲಿ ನಡೆದ ಮತದಾನದಲ್ಲಿ ಶೇ 99.7ರಷ್ಟು 'ಹೌದು' ಮತಗಳು ಬಂದವೆಂದು ಘೋಷಿಸಿದರು. ಯಹೂದಿಗಳಿಗೆ ಮತವೇ ಇರಲಿಲ್ಲ, ವಿರೋಧಿಗಳು ಜೈಲಿನಲ್ಲಿದ್ದರು, ಭಯವೂ ಇತ್ತು. ಹಾಗಾಗಿ ಆ ಅಂಕಿಯನ್ನು ನಂಬಬೇಕಿಲ್ಲ. ಆದರೆ ಮೈದಾನದ ಸಂಭ್ರಮ ನಿಜವಾಗಿತ್ತು. 1918ರಲ್ಲಿ ಗಣರಾಜ್ಯ ಕಟ್ಟಿದ ಕಾರ್ಲ್ ರೆನ್ನರ್ ಕೂಡ ತಾನು 'ಹೌದು' ಎಂದೇ ಮತ ಹಾಕುತ್ತೇನೆ ಎಂದು ಬಹಿರಂಗವಾಗಿ ಹೇಳಿದ್ದ.

ಬಯಸಿದ್ದು ಕೈಗೆ ಬಂದ ಮೇಲೆಯೇ ಭ್ರಮೆ ಹರಿಯಿತು. ಆಸ್ಟ್ರಿಯಾ ಎಂಬ ಹೆಸರನ್ನೇ ಅಳಿಸಿ 'ಓಸ್ಟ್‌ಮಾರ್ಕ್' ಎಂದರು. ಸ್ವಲ್ಪ ಸಮಯದಲ್ಲಿ ಆ ಹೆಸರೂ ಉಳಿಯಲಿಲ್ಲ. ವಿಯೆನ್ನಾದ ಅಧಿಕಾರ ಬರ್ಲಿನ್‌ಗೆ ಹೋಯಿತು. ಯುದ್ಧ, ಸಾವು, ಬಾಂಬು. 1945ರ ಹೊತ್ತಿಗೆ ಜರ್ಮನ್ನರಾಗಿರುವುದು ಅನೇಕರಿಗೆ ಬೇಡವಾಗಿತ್ತು. ಅದೇ ರೆನ್ನರ್ ಆ ವರ್ಷದ ಏಪ್ರಿಲ್ 27ರಂದು ಸ್ವಾತಂತ್ರ್ಯ ಘೋಷಿಸಿದ.

ನೆರವಿಗೆ ಒಂದು ಕಾಗದ ಸಿದ್ಧವಾಗಿಯೇ ಇತ್ತು. ಹಿಟ್ಲರ್‌ನ ಆಕ್ರಮಣಕ್ಕೆ ಬಲಿಯಾದ ಮೊದಲ ಸ್ವತಂತ್ರ ದೇಶ ಆಸ್ಟ್ರಿಯಾ ಎಂದು ಹಿಟ್ಲರ್ ವಿರುದ್ಧ ಹೋರಾಡುತ್ತಿದ್ದ ಮಿತ್ರ ದೇಶಗಳ 1943ರ ಮಾಸ್ಕೋ ಘೋಷಣೆ ಹೇಳಿತ್ತು. ಹಿಟ್ಲರ್ ಪರ ಯುದ್ಧ ಮಾಡಿದ ಹೊಣೆಯಿಂದ ಅದು ತಪ್ಪಿಸಿಕೊಳ್ಳಲಾಗದು ಎಂದೂ ಅದರಲ್ಲೇ ಬರೆದಿತ್ತು. ಮೊದಲ ಮಾತನ್ನು ಎಲ್ಲರೂ ಹಿಡಿದುಕೊಂಡರು, ಎರಡನೆಯದನ್ನು ಕೈಬಿಟ್ಟರು.

ಹೊಸ ಗುರುತು ಕಟ್ಟುವ ಕೆಲಸ ಚಿಕ್ಕ ಚಿಕ್ಕ ವಿಷಯದಲ್ಲೂ ನಡೆಯಿತು. ಶಾಲೆಯ ಅಂಕಪಟ್ಟಿಯಲ್ಲಿ 'ಜರ್ಮನ್' ಬದಲು 'ಬೋಧನಾ ಭಾಷೆ' ಎಂದು ಕೆಲವು ವರ್ಷ ಬರೆದರು. ರಾಷ್ಟ್ರಗೀತೆಯದು ಇನ್ನೂ ತೊಡಕಿನ ಕತೆ. 1797ರಲ್ಲಿ ಆಸ್ಟ್ರಿಯಾದ ಸಂಗೀತಗಾರ ಹೇಡನ್ ತನ್ನ ಚಕ್ರವರ್ತಿಗಾಗಿ ಕಟ್ಟಿದ ರಾಗ ಅಷ್ಟರಲ್ಲಿ ಜರ್ಮನಿಯ ಗೀತೆಯಾಗಿಬಿಟ್ಟಿತ್ತು. ಆಸ್ಟ್ರಿಯಾ ತನ್ನದೇ ರಾಗ ಬಿಟ್ಟು 1947ರಲ್ಲಿ ಹೊಸ ಗೀತೆ ಆರಿಸಿಕೊಂಡಿತು. ಅದನ್ನು ಬರೆದ ಪೌಲಾ ಫಾನ್ ಪ್ರೆರಾಡೊವಿಚ್ ಕ್ರೊಯೇಷಿಯನ್ ಕವಿಯೊಬ್ಬರ ಮೊಮ್ಮಗಳು.

ಇವೆಲ್ಲಕ್ಕಿಂತ ಗಟ್ಟಿಯಾಗಿ ನಿಂತಿದ್ದು 1955. ಮೇ 15ರ ಒಪ್ಪಂದದೊಂದಿಗೆ, ಯುದ್ಧ ಮುಗಿದಾಗಿನಿಂದ ಅಲ್ಲಿ ಬೀಡುಬಿಟ್ಟಿದ್ದ ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ಈ ನಾಲ್ಕು ದೇಶಗಳ ಸೇನೆಗಳು ಹೊರಡಬೇಕಾಯಿತು. ಜರ್ಮನಿಯ ಜೊತೆ ಸೇರುವುದನ್ನು ಆ ಒಪ್ಪಂದವೂ ನಿಷೇಧಿಸಿತು. ಅಕ್ಟೋಬರ್ 26ರಂದು ಸಂಸತ್ತು ಶಾಶ್ವತ ತಟಸ್ಥ ನೀತಿಯ ಕಾನೂನು ತಂದಿತು. ಪಶ್ಚಿಮ ಜರ್ಮನಿ ಅದೇ ವರ್ಷ ನೇಟೋ ಸೇರಿತ್ತು. ದಾರಿಗಳು ಬೇರೆಯಾದವು. ಆದರೂ 1956ರ ಸಮೀಕ್ಷೆಯಲ್ಲಿ ನಾವು ಬೇರೆ ಜನ ಎಂದವರು ಸುಮಾರು ಅರ್ಧ. ನಾವು ಜರ್ಮನ್ ಜನರ ಭಾಗ ಎಂದವರೂ ಹೆಚ್ಚುಕಡಿಮೆ ಅಷ್ಟೇ ಇದ್ದರು. ಈ ಪ್ರಮಾಣ ನಿಧಾನವಾಗಿ ಬದಲಾಯಿತು. ಸಂಬಳ, ಮನೆ, ಪಿಂಚಣಿ ಸಿಗುವ ನೆಮ್ಮದಿಯ ದೇಶ ತಮ್ಮದು ಎಂಬ ಅನುಭವ ಅದರ ಮುಖ್ಯ ಕಾರಣ ಎಂದು ನನಗನ್ನಿಸುತ್ತದೆ. 1978ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ, ಅರ್ಜೆಂಟೀನಾದ ಕೊರ್ಡೊಬಾದಲ್ಲಿ ಪಶ್ಚಿಮ ಜರ್ಮನಿಯನ್ನು 3-2ರಿಂದ ಸೋಲಿಸಿದ ಪಂದ್ಯವನ್ನು ಅಲ್ಲಿನವರು ಇನ್ನೂ ಮರೆತಿಲ್ಲ.

ನೆಮ್ಮದಿಯ ಕೆಳಗೆ ಹಳೆಯ ವಿಷ ಇತ್ತು. 1965ರಲ್ಲಿ ವಿಯೆನ್ನಾದಲ್ಲಿ ಯಹೂದಿ ದ್ವೇಷಿ ಪ್ರಾಧ್ಯಾಪಕನೊಬ್ಬನ ವಿರುದ್ಧ ಪ್ರತಿಭಟನೆ ನಡೆಯಿತು. ಅಲ್ಲಿ ಬಲಪಂಥೀಯ ವಿದ್ಯಾರ್ಥಿಯೊಬ್ಬ ಹೊಡೆದು ನಾಜಿ ವಿರೋಧಿ ಹೋರಾಟಗಾರ ಎರ್ನ್‌ಸ್ಟ್ ಕಿರ್ಷ್‌ವೆಗರ್ ಸತ್ತರು. ಅದೇ ವರ್ಷ ಅಕ್ಟೋಬರ್ 26 ರಾಷ್ಟ್ರೀಯ ದಿನವಾಯಿತು.

'ನಾವು ಬರೀ ಬಲಿಪಶುಗಳು' ಎಂಬ ಅರ್ಧಸತ್ಯ ಒಡೆದಿದ್ದು 1986ರಲ್ಲಿ. ಅಧ್ಯಕ್ಷ ಚುನಾವಣೆಗೆ ನಿಂತ ಕುರ್ಟ್ ವಾಲ್ಡ್‌ಹೈಮ್, ಬಾಲ್ಕನ್‌ನಲ್ಲಿ ಜರ್ಮನ್ ಸೇನೆಯಲ್ಲಿದ್ದ ವರ್ಷಗಳನ್ನು ಮುಚ್ಚಿಟ್ಟಿದ್ದು ಹೊರಬಂತು. ಅವರು ಗೆದ್ದರು, ಆದರೆ ಪ್ರಶ್ನೆಗಳು ಮನೆಮನೆಯ ಊಟದ ಮೇಜಿಗೆ ಬಂದವು. ಹಿಟ್ಲರ್ ಹುಟ್ಟಿದ್ದು ಬ್ರೌನೌ ಊರಿನಲ್ಲಿ. ನಾಜಿಗಳ ಪೊಲೀಸ್ ಮತ್ತು ಭದ್ರತಾ ವ್ಯವಸ್ಥೆಯ ಮುಖ್ಯಸ್ಥನಾಗಿದ್ದ ಕಾಲ್ಟನ್‌ಬ್ರುನರ್ ಕೂಡ ಆಸ್ಟ್ರಿಯನ್. ಸುಮಾರು 65 ಸಾವಿರ ಆಸ್ಟ್ರಿಯನ್ ಯಹೂದಿಗಳು ಕೊಲೆಯಾಗಿದ್ದರು. 1991ರ ಜುಲೈ 8ರಂದು ಚಾನ್ಸಲರ್ ಫ್ರಾಂಟ್ಸ್ ವ್ರಾನಿಟ್ಸ್‌ಕಿ ಸಂಸತ್ತಿನಲ್ಲಿ ತಮ್ಮ ಜನರ ಹೊಣೆಯನ್ನು ಒಪ್ಪಿಕೊಂಡರು. ಈ ದೇಶ ಪ್ರಬುದ್ಧವಾದ ದಿನ ನನಗೆ ಇದೇ. ಜರ್ಮನ್ನರಲ್ಲ ಎನ್ನುವುದು ಅಪರಾಧದಿಂದ ನುಣುಚಿಕೊಳ್ಳುವ ದಾರಿಯಾಗಿ ಉಳಿಯಲಿಲ್ಲ.

1988ರಲ್ಲಿ ಬಲಪಂಥೀಯ ಫ್ರೀಡಂ ಪಕ್ಷದ ನಾಯಕ ಯೋರ್ಗ್ ಹೈಡರ್ ಆಸ್ಟ್ರಿಯನ್ ರಾಷ್ಟ್ರ ಎನ್ನುವುದನ್ನೇ ಹೀಯಾಳಿಸಿದ್ದ. ಐದೇ ವರ್ಷಕ್ಕೆ, 1993ರಲ್ಲಿ, ಅವನದೇ ಪಕ್ಷ ವಲಸಿಗರ ವಿರುದ್ಧ 'ಆಸ್ಟ್ರಿಯಾ ಮೊದಲು' ಎಂದು ಸಹಿ ಸಂಗ್ರಹಿಸಿತು. ಅಂದರೆ ಈ ಗುರುತನ್ನು ಅಲ್ಲಗಳೆದವರಿಗೂ ಈಗ ಅದೇ ಬೇಕಾಗಿತ್ತು. ಯಾರು ಆಸ್ಟ್ರಿಯನ್ ಎಂಬ ಜಗಳ ಜರ್ಮನಿಯಿಂದ ವಲಸಿಗರ ಕಡೆಗೆ ತಿರುಗಿತು. ಈ ನಡುವೆ ಅಲ್ಲಿ ನೆಲೆಸಿರುವ ವಿದೇಶಿಯರಲ್ಲಿ ಜರ್ಮನಿಯವರೇ ಅತಿ ಹೆಚ್ಚು ಮಂದಿ. ಇನ್ನೊಂದು ಕಡೆ, ನಾಜಿಗಳು ಓಡಿಸಿದವರ ಮಕ್ಕಳು ಮೊಮ್ಮಕ್ಕಳಿಗೂ 2020ರ ಸೆಪ್ಟೆಂಬರ್‌ನಿಂದ ಆಸ್ಟ್ರಿಯಾದ ಪೌರತ್ವ ಪಡೆಯುವ ಹಕ್ಕಿದೆ. ಈಗಿರುವ ದೇಶದ ಪೌರತ್ವ ಬಿಡಬೇಕು ಎಂಬ ಷರತ್ತೂ ಅವರಿಗಿಲ್ಲ.