ಮಕ್ಕಳ ಕತೆಪುಸ್ತಕ ಬಿಡಿ, ಮುನ್ನೂರು ಪದದ ಪುಸ್ತಕ ಹಿಡಿಯಿರಿ

ಚೀನೀ ಭಾಷೆ ಕಲಿಯಲು ಶುರು ಮಾಡಿ ಎರಡು ಮೂರು ತಿಂಗಳಾಗುತ್ತಲೇ ಎಲ್ಲರೂ ಕೇಳುವುದು ಒಂದೇ. "ಮೇಡಂ, ಓದೋಕೆ ಏನಾದ್ರೂ ಸುಲಭದ್ದು ಹೇಳಿ." ನಾನು ಹೇಳುವಷ್ಟರಲ್ಲಿ ಅರ್ಧ ಜನ ಮಕ್ಕಳ ಕತೆಪುಸ್ತಕ ತರಿಸಿಬಿಟ್ಟಿರುತ್ತಾರೆ. ಬಣ್ಣದ ಚಿತ್ರ, ದಪ್ಪ ಅಕ್ಷರ, ಪುಟಕ್ಕೆ ನಾಲ್ಕೇ ಸಾಲು. ನೋಡಿದರೆ ಸುಲಭ ಅನ್ನಿಸುತ್ತದೆ. ಹದಿನೈದು ದಿನದಲ್ಲಿ ಪುಸ್ತಕ ಮೂಲೆ ಸೇರುತ್ತದೆ, ಅದರ ಹಿಂದೆಯೇ ಕಲಿಯುವ ಹುರುಪೂ ಹೋಗುತ್ತದೆ.

ಮಡಿಕೇರಿಯಲ್ಲಿ ಕೂತು ಚೀನೀ ಕಲಿಸಿದರೆ ಯಾರು ಬರುತ್ತಾರೆ ಅಂತ ಕೆಲವರಿಗೆ ಆಶ್ಚರ್ಯ. ಬರುತ್ತಾರೆ. ಚೀನಾದಲ್ಲಿ ಎಂಬಿಬಿಎಸ್ ಮಾಡಲು ಹೊರಟ ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಮಕ್ಕಳಿದ್ದಾರೆ. ಬೆಂಗಳೂರಿನ ಕಂಪನಿ ಕೆಲಸವನ್ನು ಮನೆಯಿಂದಲೇ ಮಾಡುತ್ತ ದಿನಾ ಶೆನ್‌ಝೆನ್‌ನವರ ಜೊತೆ ಫೋನಲ್ಲಿ ಮಾತಾಡುವವರಿದ್ದಾರೆ. ಸೇನೆಯಿಂದ ನಿವೃತ್ತರಾಗಿ ತೋಟಕ್ಕೆ ಮರಳಿ, ಹೊಸದೇನಾದರೂ ಕಲಿಯೋಣ ಅಂತ ಬರುವ ಹಿರಿಯರೂ ಇದ್ದಾರೆ. ಇವರಿಗೆಲ್ಲ ಬೇಕಾಗುವ ಮಾತು ಬೇರೆ ಬೇರೆ. ಮೊದಲ ಪುಸ್ತಕದ ವಿಷಯದಲ್ಲಿ ಮಾತ್ರ ಎಲ್ಲರೂ ಎಡವುವುದು ಒಂದೇ ಕಡೆ.

ಚೀನಾದ ಐದು ವರ್ಷದ ಮಗುವಿಗೆ ಅಕ್ಷರ ಬರದೇ ಇರಬಹುದು, ಮಾತು ಮಾತ್ರ ಸರಾಗವಾಗಿ ಬರುತ್ತದೆ. ಅಜ್ಜಿ ಹೇಳಿದ ಕತೆ, ಬೀದಿಯ ಜಗಳ, ತಿಂಡಿಯ ಹೆಸರು ಎಲ್ಲ ಬಾಯಲ್ಲಿದೆ. ಮಕ್ಕಳ ಪುಸ್ತಕ ಬರೆಯುವವರು ಆ ಮಾತಿನ ಮೇಲೆ ಭರವಸೆ ಇಟ್ಟು ಬರೆಯುತ್ತಾರೆ. ಕಪ್ಪೆ ಕುಪ್ಪಳಿಸುತ್ತದೆ, ಮುಳ್ಳುಹಂದಿ ಉರುಳುತ್ತದೆ, ಗಾಳಿ ಸುಯ್ಯೆನ್ನುತ್ತದೆ. ಬಸ್ ಟಿಕೆಟ್ ಎಷ್ಟು ಅಂತ ಕೇಳಲು ಈಗಷ್ಟೇ ಕಲಿತವರಿಗೆ ಇದರಲ್ಲಿ ಸಾಲಿಗೆ ಮೂರು ಹೊಸ ಪದ. ಹಾಗಂತ ಶಾಲೆಯ ಪಠ್ಯಪುಸ್ತಕ ಹಿಡಿದರೂ ಕಷ್ಟವೇ. ಅಲ್ಲಿನ ಪಠ್ಯಕ್ರಮದ ಪ್ರಕಾರ ಎರಡನೇ ಕ್ಲಾಸು ಮುಗಿಯುವಾಗ ಮಗು ಸುಮಾರು 1,600 ಅಕ್ಷರ ಗುರುತಿಸಬೇಕು, 800 ಬರೆಯಬೇಕು. ಮನೆಯಲ್ಲೂ ಬೀದಿಯಲ್ಲೂ ಅದೇ ಭಾಷೆ ಕೇಳುವ ಮಗುವಿನ ವೇಗ ಅದು. ವಾರಕ್ಕೆ ಎರಡು ಕ್ಲಾಸಿಗೆ ಬರುವವರಿಂದ ಆಗುವ ಮಾತಲ್ಲ.

ನಮಗೆ ಬೇಕಾದ್ದು ಭಾಷೆ ಕಲಿಯುವ ದೊಡ್ಡವರಿಗೆಂದೇ ಬರೆದ ಪುಸ್ತಕ. ಇವನ್ನು ಗ್ರೇಡೆಡ್ ರೀಡರ್ ಅನ್ನುತ್ತಾರೆ. ಪೀಕಿಂಗ್ ವಿಶ್ವವಿದ್ಯಾಲಯದ ಪ್ರಕಾಶನ 'ಚೈನೀಸ್ ಬ್ರೀಜ್' ಅನ್ನುವ ಮಾಲೆ ತಂದಿದೆ. ಅದರ ಮೊದಲ ಹಂತದ ಕತೆಗಳು 300 ಮೂಲಪದಗಳ ಸುತ್ತ ನಡೆಯುತ್ತವೆ, ಎರಡನೇ ಹಂತಕ್ಕೆ 500. 'ಮ್ಯಾಂಡರಿನ್ ಕಂಪ್ಯಾನಿಯನ್' ಅನ್ನುವ ಇನ್ನೊಂದು ಮಾಲೆಯಲ್ಲಿ ತೀರಾ ಹೊಸಬರಿಗೆ 150 ಅಕ್ಷರದ ಪುಸ್ತಕಗಳಿವೆ, ಅದಾದಮೇಲೆ 300 ಅಕ್ಷರದವು. ಒಂದು ಪದ ಅನ್ನುವುದು, ಒಂದು ಅಕ್ಷರ ಅನ್ನುವುದು ಇಲ್ಲಿ ಒಂದೇ ಅಲ್ಲ. ಹೆಚ್ಚಿನ ಪದಗಳಲ್ಲಿ ಎರಡು ಅಕ್ಷರ ಇರುತ್ತವೆ. ಹಾಗಾಗಿ ಕೊಳ್ಳುವಾಗ ಪುಸ್ತಕದ ಬೆನ್ನಿನಲ್ಲಿ ಯಾವ ಲೆಕ್ಕ ಹಾಕಿದ್ದಾರೆ ನೋಡಿಕೊಳ್ಳಿ. ಇವುಗಳಲ್ಲಿ ಪ್ರೀತಿ, ಜಗಳ, ಕಳ್ಳತನ, ಪತ್ತೇದಾರಿ ಎಲ್ಲ ಇರುತ್ತದೆ. ಮುಂದೇನಾಯ್ತು ಅನ್ನುವ ಕುತೂಹಲಕ್ಕೆ ಪುಟ ತಿರುಗಿಸುತ್ತೀರಿ. ಅದೇ ಪದಗಳು ಮತ್ತೆ ಮತ್ತೆ ಬಂದು ಮನಸ್ಸಿನಲ್ಲಿ ಕೂರುತ್ತವೆ.

ಪುಸ್ತಕ ನಿಮಗೆ ಸರಿಹೊಂದುತ್ತದಾ ಅಂತ ಹೇಗೆ ತಿಳಿಯುವುದು? ನಾನು ಮಾಡಿಸುವುದು ಹೀಗೆ. ನಡುವಿನ ಯಾವುದಾದರೂ ಪುಟ ತೆಗೆದು ನೂರು ಅಕ್ಷರ ಎಣಿಸಿ. ಪೆನ್ಸಿಲ್ ಹಿಡಿದು ಓದಿ. ಗೊತ್ತಿಲ್ಲದ್ದರ ಕೆಳಗೆ ಸುಮ್ನೆ ಒಂದು ಚುಕ್ಕೆ ಇಡಿ, ನಿಲ್ಲಬೇಡಿ. ಎರಡು ಚುಕ್ಕೆ ಬಂದರೆ ಆ ಪುಸ್ತಕ ನಿಮ್ಮದು, ಹಾಸಿಗೆಯಲ್ಲಿ ಮಲಗಿಕೊಂಡೂ ಓದಬಹುದು. ಐದು ಬಂದರೆ ಟೀಚರ್ ಜೊತೆ ಕೂತು ಓದಿ. ಹತ್ತು ದಾಟಿದರೆ ಕಪಾಟಿನಲ್ಲಿಡಿ, ಆರು ತಿಂಗಳು ಬಿಟ್ಟು ನೋಡೋಣ. ಹೂ ಮತ್ತು ನೇಷನ್ ಅನ್ನುವ ಇಬ್ಬರು ಸಂಶೋಧಕರು ಇಂಗ್ಲಿಷ್ ಕಲಿಯುವವರ ಮೇಲೆ ಮಾಡಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಯಾರ ಸಹಾಯವೂ ಇಲ್ಲದೆ ಕತೆ ಚೆನ್ನಾಗಿ ಅರ್ಥವಾಗಬೇಕಾದರೆ ನೂರಕ್ಕೆ ಸುಮಾರು 98 ಪದ ಗೊತ್ತಿರಬೇಕು.

ಚೀನೀ ವಿಷಯದಲ್ಲಿ ಈ ಲೆಕ್ಕ ಇನ್ನೂ ಬಿಗಿ ಅಂತ ನನ್ನ ಅನುಭವ. ಕನ್ನಡದಲ್ಲಿ ಅರ್ಥ ಗೊತ್ತಿಲ್ಲದ ಪದ ಬಂದರೂ ಓದಿ ಮುಂದೆ ಹೋಗುತ್ತೇವೆ, ಪಕ್ಕದವರನ್ನು ಕೇಳುತ್ತೇವೆ. ಗೊತ್ತಿಲ್ಲದ ಚೀನೀ ಅಕ್ಷರವನ್ನು ಬಾಯಲ್ಲಿ ಹೇಳಲಿಕ್ಕೂ ಆಗುವುದಿಲ್ಲ. ಅದನ್ನು ಫೋನಿನ ಮೇಲೆ ಬೆರಳಲ್ಲಿ ಬರೆದು ಹುಡುಕಬೇಕು. ಸಾಲಿಗೆ ಎರಡು ಸಲ ಹಾಗೆ ಹುಡುಕಿದರೆ ಕತೆ ಎಲ್ಲಿತ್ತು ಅನ್ನುವುದೇ ಮರೆತುಹೋಗುತ್ತದೆ. ಪದಗಳ ನಡುವೆ ಜಾಗ ಬಿಡುವ ಪದ್ಧತಿಯೂ ಅಲ್ಲಿಲ್ಲ. ಒಂದು ಪದ ಎಲ್ಲಿ ಮುಗಿಯಿತು ಅಂತ ಓದುವವರೇ ಗುರುತಿಸಬೇಕು.

ಎಂಬಿಬಿಎಸ್‌ಗೆ ಹೊರಟ ಒಬ್ಬ ಹುಡುಗ ತಂದ ಪುಟದಲ್ಲಿ ಹದಿನಾಲ್ಕು ಚುಕ್ಕೆ ಇದ್ದವು. "ಇದು ನನ್ನಿಂದ ಆಗಲ್ಲ ಮೇಡಂ" ಅಂದ. ನೋಡಿದರೆ ಅದರಲ್ಲಿ ಹನ್ನೆರಡು ಚುಕ್ಕೆ ಒಬ್ಬಳದೇ ಹೆಸರಿನ ಕೆಳಗೆ. ಮೂರು ಅಕ್ಷರದ ಹೆಸರು, ನಾಲ್ಕು ಸಲ ಬಂದಿತ್ತು. ಹೆಸರು ಅಂತ ಗೊತ್ತಾಗದೆ ಅದರ ಅರ್ಥ ಹುಡುಕುತ್ತ ಕೂತಿದ್ದ. ಹೆಸರು ಬಿಟ್ಟರೆ ಉಳಿದದ್ದು ಎರಡೇ ಚುಕ್ಕೆ. ಅವತ್ತೇ ಆ ಅಧ್ಯಾಯ ಮುಗಿಸಿದ. ಯಾವ ಕತೆ ಹಿಡಿದರೂ ಮೊದಲು ಪಾತ್ರಗಳ ಹೆಸರು, ಊರಿನ ಹೆಸರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೆಲವು ಪುಸ್ತಕಗಳಲ್ಲಿ ಹೆಸರಿನ ಕೆಳಗೆ ಗೆರೆ ಎಳೆದಿರುತ್ತಾರೆ, ಅದು ತುಂಬಾ ಅನುಕೂಲ.

ಪಿನ್‌ಯಿನ್ ಬಗ್ಗೆಯೂ ಹೇಳಬೇಕು. 1958ರಲ್ಲಿ ಚೀನಾ ಒಪ್ಪಿಕೊಂಡ, ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಬರೆಯುವ ಕ್ರಮ ಅದು. ಕಲಿಯಲೇಬೇಕು. ಆದರೆ ಪ್ರತಿ ಅಕ್ಷರದ ತಲೆಯ ಮೇಲೂ ಪಿನ್‌ಯಿನ್ ಇರುವ ಪುಸ್ತಕ ಕೊಳ್ಳಬೇಡಿ. ಕಣ್ಣು ಸುಲಭದ ಕಡೆಗೇ ಹೋಗುತ್ತದೆ, ಕೆಳಗಿನ ಅಕ್ಷರ ನೋಡುವುದೇ ಇಲ್ಲ. ಹೊಸ ಪದಕ್ಕೆ ಮಾತ್ರ ಪುಟದ ಕೆಳಗೆ ಕೊಟ್ಟಿದ್ದರೆ ಒಳ್ಳೆಯದು. ನಮ್ಮವರು ಇನ್ನೊಂದು ಮಾಡುತ್ತಾರೆ, ಮೇಲೆ ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಪಿನ್‌ಯಿನ್‌ನ 'ಬಿ' ಕಂಡ ಕೂಡಲೇ 'ಬ' ಬರೆಯುತ್ತಾರೆ. ನಿಜಕ್ಕೂ ಅದರ ಉಚ್ಚಾರ ನಮ್ಮ 'ಪ'ಗೆ ಹತ್ತಿರ. ಅವರ 'ಪಿ' ಅಂದರೆ ಅದೇ 'ಪ' ಉಸಿರು ಒತ್ತಿ ಹೇಳಿದ್ದು. ತಪ್ಪು ಒಮ್ಮೆ ಬರೆದಿಟ್ಟರೆ ಬಾಯಿಂದ ಬಿಡಿಸುವುದು ಕಷ್ಟ. ಅದಕ್ಕೇ ಆಡಿಯೋ ಇರುವ ಪುಸ್ತಕವನ್ನೇ ಆರಿಸಿ, ಕೇಳುತ್ತ ಓದಿ.

ಪುಸ್ತಕ ಬರುವವರೆಗೆ ಏನು ಮಾಡುವುದು? ನಾನೇ ಬರೆದುಕೊಡುತ್ತೇನೆ. ಟೀಚರ್ ಇರುವವರೆಲ್ಲ ಇದನ್ನು ಕೇಳಿ ಬರೆಸಿಕೊಳ್ಳಬೇಕು. ಒಂದು ಉದಾಹರಣೆ, ಇಲ್ಲಿ ಉಚ್ಚಾರ ತಿಳಿಯಲಿ ಅಂತ ಮಾತ್ರ ಕನ್ನಡದಲ್ಲಿ ಕೊಟ್ಟಿದ್ದೇನೆ. 'ವೋ ಚ್ಯಾ ತ್ಸಾಯ್ ಶಾನ್ ಶಾಂಗ್', ನಮ್ಮ ಮನೆ ಬೆಟ್ಟದ ಮೇಲಿದೆ. 'ಶಾನ್ ಶಾಂಗ್ ಯೋವ್ ಖಾಫೇಯ್ ಶೂ', ಬೆಟ್ಟದ ಮೇಲೆ ಕಾಫಿ ಗಿಡಗಳಿವೆ. 'ಚಿನ್‌ಥ್ಯೆನ್ ಶಾನ್ ಶಾಂಗ್ ಶ್ಯಾ ಯೂ', ಇವತ್ತು ಬೆಟ್ಟದ ಮೇಲೆ ಮಳೆ. ಚೀನೀಯಲ್ಲಿ ಬರೆದರೆ ಒಟ್ಟು 17 ಅಕ್ಷರ, ಬೇರೆ ಬೇರೆ ಅಂತ ಎಣಿಸಿದರೆ 13. ಬೆಟ್ಟ, ಮೇಲೆ ಎರಡೂ ಪ್ರತಿ ಸಾಲಿನಲ್ಲಿ ಬಂದವು. ಕಾಫಿಯ ಎರಡೂ ಅಕ್ಷರದ ಎಡಗಡೆ 'ಬಾಯಿ' ಅನ್ನುವ ಅರ್ಥದ ಪುಟ್ಟ ಚೌಕ ಇದೆ. ಮೂರನೇ ಸಾಲಿನಲ್ಲಿ ಮೇಲೆ ಅನ್ನುವ 'ಶಾಂಗ್', ಕೆಳಗೆ ಅನ್ನುವ 'ಶ್ಯಾ' ಅಕ್ಕಪಕ್ಕ ನಿಂತಿವೆ. ಒಂದರಲ್ಲಿ ಉದ್ದ ಅಡ್ಡಗೆರೆ ಬುಡದಲ್ಲಿ, ಇನ್ನೊಂದರಲ್ಲಿ ತಲೆಯ ಮೇಲೆ. ತಮ್ಮದೇ ಮನೆಯ ಸಂಗತಿ ಅಂದರೆ ಹಿರಿಯರೂ ಖುಷಿಯಿಂದ ಓದುತ್ತಾರೆ. ಈಗ ಎಐ ಕೈಯಲ್ಲಿ ಇಂಥ ಪಾಠ ಬರೆಸಬಹುದು. ಆದರೆ ನಾವು ಕೊಟ್ಟ ಪದಪಟ್ಟಿಯ ಹೊರಗಿನ ಪದಗಳನ್ನು ಅದು ನಡುನಡುವೆ ಸೇರಿಸುತ್ತದೆ. ಭಾಷೆ ಬಲ್ಲವರೊಬ್ಬರು ನೋಡಲೇಬೇಕು.

ಕುಶಾಲನಗರ ಕಡೆಯವರು ಬೈಲುಕುಪ್ಪೆಯಲ್ಲಿ ಪುಸ್ತಕ ಸಿಗಬಹುದಾ ಅಂತ ಕೇಳುತ್ತಾರೆ. ಅಲ್ಲಿಯ ಮಠ, ಅಂಗಡಿಗಳಲ್ಲಿ ಕಾಣುವುದು ಟಿಬೆಟನ್ ಲಿಪಿ. ಅದು ನಮ್ಮ ಲಿಪಿಗಳ ಹಾಗೆ ಬ್ರಾಹ್ಮೀ ವಂಶದ್ದು, ಕ ಖ ಗ ಅಂತಲೇ ಶುರುವಾಗುತ್ತದೆ. ಚೀನೀ ಬರಹಕ್ಕೂ ಅದಕ್ಕೂ ಸಂಬಂಧವಿಲ್ಲ.

ಫೋನಿನಲ್ಲಿ ಮೊದಲು ಹಾಕಿಕೊಳ್ಳಬೇಕಾದ್ದು ಪ್ಲೆಕೋ ಡಿಕ್ಷನರಿ. ಮೂಲ ಡಿಕ್ಷನರಿ ಉಚಿತ, ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಆಟಿ ತಿಂಗಳ ಮಳೆಯಲ್ಲಿ ಕರೆಂಟೂ ನೆಟ್‌ವರ್ಕೂ ಹೋಗುವ ಊರಿನವರಿಗೆ ಇದು ದೊಡ್ಡ ವಿಷಯ, ಅಲ್ವಾ? ದು ಚೈನೀಸ್ ಆ್ಯಪಿನಲ್ಲಿ ಹಂತ ಹಂತವಾಗಿ ಸಣ್ಣ ಪಾಠಗಳಿವೆ, ಧ್ವನಿಯೂ ಇದೆ, ಪದ ಮುಟ್ಟಿದರೆ ಅರ್ಥ ಬರುತ್ತದೆ. ಕೆಲವು ಉಚಿತ, ಉಳಿದದ್ದಕ್ಕೆ ದುಡ್ಡು. ವಿದೇಶದವರು ಬರೆದ ಸಲಹೆಗಳಲ್ಲಿ ಚೀನಾದ ಸೋಶಿಯಲ್ ಮೀಡಿಯಾ ಆ್ಯಪುಗಳಾದ ವೀಚಾಟ್, ವೇಯ್ಬೋ ಓದಿ ಅಂತ ಇರುತ್ತದೆ. ಅವೆರಡೂ 2020ರ ಜೂನ್‌ನಲ್ಲಿ ಭಾರತ ನಿಷೇಧಿಸಿದ 59 ಆ್ಯಪುಗಳ ಪಟ್ಟಿಯಲ್ಲಿವೆ. ಅವುಗಳ ಹಿಂದೆ ಬೀಳಬೇಡಿ. ತೈವಾನಿನ ಪುಸ್ತಕ ಕೈಗೆ ಸಿಕ್ಕರೆ ಅದು ಹಳೆಯ, ಗೆರೆ ಜಾಸ್ತಿ ಇರುವ ಅಕ್ಷರದಲ್ಲಿರುತ್ತದೆ. ಚೀನಾಕ್ಕೆ ಹೋಗುವವರು ಅಲ್ಲಿ ಬಳಸುವ, ಗೆರೆ ಕಡಿಮೆ ಇರುವ ಸರಳ ಲಿಪಿಯದ್ದನ್ನೇ ತೆಗೆದುಕೊಳ್ಳಿ.

ಚೀನೀ ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ ಎಚ್‌ಎಸ್‌ಕೆ ಪರೀಕ್ಷೆಯ ಹಂತ ನಮೂದಿಸಿದ ಪುಸ್ತಕ ಕೊಳ್ಳುವಾಗ ಯಾವ ವರ್ಷದ್ದು ಅಂತ ನೋಡಿ. 2010ರಿಂದ ನಡೆದುಬಂದ ಲೆಕ್ಕದಲ್ಲಿ ಒಂದನೇ ಹಂತಕ್ಕೆ 150 ಪದ, ಎರಡಕ್ಕೆ 300, ಮೂರಕ್ಕೆ 600. 2021ರ ಹೊಸ ಮಾನದಂಡದಲ್ಲಿ ಒಂದನೇ ಹಂತಕ್ಕೇ 500 ಪದ. ಎರಡರ ಮೇಲೂ 'ಒಂದನೇ ಹಂತ' ಅಂತಲೇ ಇರುತ್ತದೆ.

ನ್ಯೂಸ್‌ಪೇಪರ್ ಯಾವಾಗ ಓದಬಹುದು ಅಂತ ಎಲ್ಲರಿಗೂ ಆಸೆ. ಚೀನಾದ 1988ರ ನಿಯಮದಲ್ಲಿ ಅಕ್ಷರಸ್ಥ ಅನ್ನಿಸಿಕೊಳ್ಳಲು ರೈತನಿಗೆ 1,500 ಅಕ್ಷರ, ಪಟ್ಟಣದ ಕೆಲಸಗಾರನಿಗೆ 2,000 ಅಕ್ಷರ ಬರಬೇಕು. ನೀವು ಅಲ್ಲಿಗೆ ಮುಟ್ಟುವವರೆಗೆ ಚೇರ್ಮನ್ಸ್ ಬಾವ್‌ನಂಥ ತಾಣದಲ್ಲಿ ಹಂತಕ್ಕೆ ತಕ್ಕಂತೆ ಸರಳ ಮಾಡಿದ ಸುದ್ದಿ ಸಿಗುತ್ತದೆ. 300 ಪದದ ನಾಲ್ಕೈದು ಕತೆ ಮುಗಿಸಿ, ಇಷ್ಟವಾದದ್ದನ್ನು ಎರಡನೇ ಸಲ ಓದಿ, 500ರ ಹಂತ ದಾಟಿದ ಮೇಲೆ ಅದನ್ನು ತೆರೆಯಿರಿ.