ಐಸ್ ಮೇಲೆ ಟೈರ್‌ಗೆ ಹಲ್ಲು ಬೇಕು

ಹಿಮಾಚಲದ ಲಾಹೌಲ್ ಕಣಿವೆಯ ಸಿಸ್ಸು ಹತ್ತಿರ ಮುಖ್ಯ ರಸ್ತೆ ಬಿಟ್ಟು ಚಂದ್ರಾ ನದಿಯ ಕಡೆ ಇಳಿಯುವ ಒಂದು ಕಚ್ಚಾ ದಾರಿ. ಜನವರಿ ತಿಂಗಳು, ಸಂಜೆ ನಾಲ್ಕೂವರೆ. ಕೆಎ ನಂಬರಿನ ಕಾರೊಂದು ಕೆಳಗೆ ಇಳಿದುಬಿಟ್ಟಿದೆ, ಮೇಲೆ ಬರಲು ಆಗುತ್ತಿಲ್ಲ. ಮುಂದಿನ ಚಕ್ರಗಳು ಸುಮ್ನೆ ಗಿರಗಿರ ತಿರುಗುತ್ತಿವೆ, ಕಾರು ಇದ್ದಲ್ಲೇ ಇದೆ. ಸುತ್ತ ನಿಂತವರದ್ದು ತಲೆಗೊಂದು ಸಲಹೆ. "ಟೈರ್ ಗಾಳಿ ಇಳಿಸಿ." "ನಾಲ್ಕು ಜನ ಒಳಗೆ ಕೂತ್ಕೊಳ್ಳಿ, ಭಾರ ಇದ್ರೆ ಹಿಡಿಯತ್ತೆ." "ಜೋರಾಗಿ ಆಕ್ಸಿಲರೇಟರ್ ಕೊಡಿ, ಬಿಸಿಗೆ ಐಸ್ ಕರಗಿ ನೆಲ ಸಿಗತ್ತೆ." ಒಬ್ಬರು ಡ್ಯಾಶ್‌ಬೋರ್ಡ್ ಮೇಲಿದ್ದ ನಿಂಬೆಹಣ್ಣು ತಂದು ಚಕ್ರದ ಕೆಳಗಿಟ್ಟರು. ಅಷ್ಟರಲ್ಲಿ ಆ ಕಡೆಯ ಪಿಕಪ್ ಡ್ರೈವರ್ ಒಬ್ಬರು ಗೋಣಿಚೀಲದಿಂದ ಎರಡು ಚೈನ್ ತೆಗೆದರು. ಹತ್ತು ನಿಮಿಷ ಮಂಡಿಯೂರಿ ಕೂತು ಮುಂದಿನ ಚಕ್ರಗಳಿಗೆ ಕಟ್ಟಿದರು. ಕಾರು ಕರಕರ ಸದ್ದು ಮಾಡುತ್ತಾ ಏರಿಬಂತು.

ಕಾರು ಹೋದ ಮೇಲೆ ನಾನು ಬಗ್ಗಿ ಆ ಐಸ್ ಮುಟ್ಟಿ ನೋಡಿದೆ. ಬರೀ ಟೈರ್ ತಿರುಗಿದ ಜಾಗ ಕನ್ನಡಿ ಹಾಗೆ ನುಣುಪು. ಚೈನ್ ಹಾದುಹೋದ ಜಾಗದಲ್ಲಿ ಸಾಲಾಗಿ ಸಣ್ಣ ಸಣ್ಣ ಗುಳಿ, ಅಂಚಿನಲ್ಲಿ ಕಲ್ಲುಪ್ಪಿನಂಥ ಪುಡಿ. ಚೈನಿನ ಗುಟ್ಟೆಲ್ಲ ಆ ಗುಳಿಗಳಲ್ಲಿದೆ.

ಚೈನ್ ಒರಟು, ಒರಟಾದರೆ ಘರ್ಷಣೆ ಜಾಸ್ತಿ, ಅಷ್ಟೇ ಅಲ್ವಾ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಷ್ಟೇ ಅಲ್ಲ. ಒಣ ಟಾರಿನ ಮೇಲೆ ಟೈರ್ ತನ್ನ ಮೇಲಿನ ಭಾರದ ಸುಮಾರು ಮುಕ್ಕಾಲು ಪಾಲಿನಷ್ಟು ಬಲವಾಗಿ ನೆಲ ಹಿಡಿಯುತ್ತದೆ. ಒತ್ತಿ ಗಟ್ಟಿಯಾದ ಹಿಮದ ಮೇಲೆ ಅದು ನಾಲ್ಕನೇ ಒಂದು, ಐದನೇ ಒಂದು ಭಾಗಕ್ಕೆ ಇಳಿಯುತ್ತದೆ. ಐಸ್ ಮೇಲೆ ಹತ್ತನೇ ಒಂದು. ಕರಗುತ್ತಿರುವ ಐಸ್ ಮೇಲೆ ಇನ್ನೂ ಕಡಿಮೆ. ಈ ಹತ್ತನೇ ಒಂದು ಅಂದರೆ ಏನು ಅಂತ ಲೆಕ್ಕ ಹಾಕಿ ನೋಡಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ರಸ್ತೆಯಲ್ಲಿ 9 ಮೀಟರ್‌ಗೆ ನಿಲ್ಲುವ ಕಾರು ಐಸ್ ಮೇಲೆ 60 ಮೀಟರ್ ದಾಟಿ ಹೋಗುತ್ತದೆ. ಏರುವ ಲೆಕ್ಕ ಇನ್ನೂ ಕಷ್ಟ. ಎರಡೇ ಚಕ್ರ ಎಳೆಯುವ ಕಾರಿನಲ್ಲಿ ಆ ಎರಡರ ಮೇಲೆ ಬೀಳುವುದು ಹೆಚ್ಚುಕಡಿಮೆ ಅರ್ಧ ಭಾರ. ಹಾಗಾಗಿ 20 ಮೀಟರ್‌ಗೆ ಒಂದು ಮೀಟರ್ ಏರುವ ದಾರಿಯಲ್ಲೇ ಅದು ಸೋಲುತ್ತದೆ. ನಮ್ಮ ಅಪಾರ್ಟ್‌ಮೆಂಟ್‌ಗಳ ಬೇಸ್‌ಮೆಂಟ್ ಇಳಿಜಾರು ಇದಕ್ಕಿಂತ ಕಡಿದಾಗಿರುತ್ತದೆ!

ಐಸ್ ಇಷ್ಟೊಂದು ಜಾರುವುದು ಯಾಕೆ? ಈ ಪ್ರಶ್ನೆಯ ಚರಿತ್ರೆ ನನಗೆ ತುಂಬ ಇಷ್ಟ. 1849ರಲ್ಲಿ ಜೇಮ್ಸ್ ಥಾಮ್ಸನ್, ಒತ್ತಡ ಹೆಚ್ಚಾದರೆ ಐಸ್ ಕರಗುವ ಬಿಂದು ಕೆಳಗಿಳಿಯುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದರು. ಮರುವರ್ಷ ಅವರ ತಮ್ಮ ವಿಲಿಯಂ, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಪ್ರಯೋಗ ಮಾಡಿ ಅದನ್ನು ಖಚಿತಪಡಿಸಿದರು. 1886ರಲ್ಲಿ ಜಾನ್ ಜೋಲಿ ಇದನ್ನೇ ಸ್ಕೇಟಿಂಗ್‌ಗೆ ಅನ್ವಯಿಸಿದರು. ಸ್ಕೇಟಿನ ಅಲಗು ಒತ್ತುತ್ತದೆ, ಐಸ್ ಕರಗುತ್ತದೆ, ಆ ನೀರಿನ ಮೇಲೆ ಜಾರುತ್ತೇವೆ ಅಂತ. ಈ ವಿವರಣೆ ಇವತ್ತಿಗೂ ಎಲ್ಲ ಕಡೆ ಓಡಾಡುತ್ತಿದೆ, ಕಾರಿನ ಭಾರಕ್ಕೆ ಐಸ್ ಕರಗುತ್ತೆ ಅನ್ನುವ ಮಾತೂ ಅಲ್ಲಿಂದಲೇ ಬಂದದ್ದು. ಆದರೆ ಲೆಕ್ಕ ಹೊಂದುವುದಿಲ್ಲ. ಕರಗುವ ಬಿಂದುವನ್ನು ಒಂದೇ ಒಂದು ಡಿಗ್ರಿ ಇಳಿಸಲು ವಾತಾವರಣದ ಒತ್ತಡದ ಸುಮಾರು 135 ಪಟ್ಟು ಬೇಕು. ಕಾರಿನ ಟೈರ್ ನೆಲವನ್ನು ಒತ್ತುವುದು ಎರಡು ಎರಡೂವರೆ ಪಟ್ಟು ಮಾತ್ರ. ಅದರಿಂದ ಆಗುವ ಬದಲಾವಣೆ ಒಂದು ಡಿಗ್ರಿಯ ನೂರರಲ್ಲಿ ಎರಡು ಭಾಗ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿರುವ ಸಿಸ್ಸುವಿನ ಐಸ್‌ಗೆ ಇದು ಲೆಕ್ಕಕ್ಕೇ ಇಲ್ಲ.

ನಿಜವಾದ ಕಾರಣದ ಒಂದು ಎಳೆ ಮೈಕೆಲ್ ಫ್ಯಾರಡೆ ಕೈಗೆ 1850ರಲ್ಲೇ ಸಿಕ್ಕಿತ್ತು. ಎರಡು ಐಸ್ ತುಂಡುಗಳನ್ನು ಮುಟ್ಟಿಸಿದರೆ ಅಂಟಿಕೊಳ್ಳುತ್ತವಲ್ಲ, ಅದರಿಂದ ಅವರು, ಐಸಿನ ಮೈಮೇಲೆ ಯಾವಾಗಲೂ ನೀರಿನಂಥ ತೆಳು ಪದರ ಇರುತ್ತದೆ ಅಂದರು. ಒಳಗಿರುವ ಅಣುಗಳಿಗೆ ಸುತ್ತಲೂ ಜೊತೆಗಾರರಿದ್ದಾರೆ, ಮೇಲ್ಮೈ ಅಣುಗಳಿಗೆ ಒಂದು ಕಡೆ ಯಾರೂ ಇಲ್ಲ, ಹಾಗಾಗಿ ಅವು ಸಡಿಲ. ಇನ್ನೊಂದು ಎಳೆ ಸಿಕ್ಕಿದ್ದು 1939ರಲ್ಲಿ. ಬೌಡನ್ ಮತ್ತು ಹ್ಯೂಸ್ ಎಂಬ ಇಬ್ಬರು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾಯೋಖ್‌ನ ಐಸ್ ಗುಹೆಯಲ್ಲಿ ಪ್ರಯೋಗ ಮಾಡಿ, ಉಜ್ಜಿದಾಗ ಹುಟ್ಟುವ ಶಾಖವೇ ಮೇಲ್ಪದರ ಕರಗಿಸುತ್ತದೆ ಅಂತ ತೋರಿಸಿದರು. ಈಗ ಆ ಆಕ್ಸಿಲರೇಟರ್ ಸಲಹೆ ನೆನಪಿಸಿಕೊಳ್ಳಿ. ಚಕ್ರ ಒಂದೇ ಜಾಗದಲ್ಲಿ ತಿರುಗಿದರೆ ಬಿಸಿ ಹುಟ್ಟುವುದು ನಿಜ. ಆದರೆ ಅದು ನೆಲ ಸಿಗುವಷ್ಟು ಕರಗಿಸುವುದಿಲ್ಲ, ಮೇಲೊಂದು ನೀರಿನ ಪೊರೆ ಮಾಡುತ್ತದೆ, ಚಕ್ರ ನಿಂತ ಕೂಡಲೇ ಅದು ಮತ್ತೆ ಹೆಪ್ಪುಗಟ್ಟಿ ಮೊದಲಿಗಿಂತ ನುಣುಪಾಗುತ್ತದೆ. ನಾನು ಮುಟ್ಟಿ ನೋಡಿದ ಕನ್ನಡಿ ತಯಾರಾದದ್ದು ಹೀಗೆ.

ಭಾರ ಹಾಕುವ ಸಲಹೆಯೂ ಅಷ್ಟೇ. ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುತ್ತದೆ, ನಿಲ್ಲಿಸಬೇಕಾದ ಕಾರೂ ಇಮ್ಮಡಿ ಭಾರವಾಗುತ್ತದೆ. ಎಳೆಯುವ ಚಕ್ರದ ಮೇಲೇ ಮೂಟೆ ಇಟ್ಟರೆ ಏರುವಾಗ ಸ್ವಲ್ಪ ಲಾಭ ಇದೆ, ಬ್ರೇಕ್ ಹಾಕುವಾಗ ಏನೂ ಇಲ್ಲ.

ಈಗ ಚೈನಿಗೆ ಬರೋಣ. ಕಾರು 1,400 ಕೆಜಿ ಅಂತಿಟ್ಟುಕೊಂಡರೆ ಒಂದು ಚಕ್ರಕ್ಕೆ 350 ಕೆಜಿ. ಟೈರ್ ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ ಅಂಗೈ ಅಗಲ, 150 ಚದರ ಸೆಂಟಿಮೀಟರ್. ಭಾರವೆಲ್ಲ ಅಷ್ಟಗಲಕ್ಕೆ ಹರಡಿಹೋಗುತ್ತದೆ, ಐಸ್‌ಗೆ ನೋವೇ ಇಲ್ಲ. ಮಧ್ಯೆ ಚೈನಿನ ಕೊಂಡಿಗಳು ಬಂದರೆ ಅದೇ ಭಾರದ ಬಹುಪಾಲು ನಾಲ್ಕೈದು ಚದರ ಸೆಂಟಿಮೀಟರ್ ಉಕ್ಕಿನ ಮೇಲೆ ಬೀಳುತ್ತದೆ. ಕೊಂಡಿಯ ಅಂಚಿನಲ್ಲಿ ಇನ್ನೂ ಚಿಕ್ಕ ಜಾಗ. ಒತ್ತಡ ಹತ್ತಾರು ಪಟ್ಟು ಏರುತ್ತದೆ. ಐಸ್ ಉಗುರಿಗಿಂತ ಮೆದು ವಸ್ತು, ಉಕ್ಕಿನ ಮುಂದೆ ಅದು ನಿಲ್ಲುವುದಿಲ್ಲ, ಗುಳಿ ಬೀಳುತ್ತದೆ. ಇಲ್ಲಿಂದ ಆಟವೇ ಬೇರೆ. ಗುಳಿಯೊಳಗೆ ಕೂತ ಕೊಂಡಿ ಜಾರಬೇಕಾದರೆ ಮುಂದಿನ ಐಸ್ ಗೋಡೆಯನ್ನು ಒಡೆದುಕೊಂಡೇ ಹೋಗಬೇಕು. ಉಜ್ಜುವ ಕೆಲಸ ಹೋಗಿ ಕಚ್ಚುವ ಕೆಲಸ ಬಂತು. ಮೇಲಿನ ನೀರಿನ ಪೊರೆ ಎಷ್ಟು ನುಣುಪಾಗಿದ್ದರೂ ಈ ಗೋಡೆಗೆ ಅದರಿಂದ ಏನೂ ಆಗುವುದಿಲ್ಲ.

ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಷಾಢದಲ್ಲಿ ಪಾಚಿ ಕಟ್ಟಿದ ಗದ್ದೆ ಬದುವಿನ ಮೇಲೆ ಹೋಗುವಾಗ ಪಾದ ಪೂರ್ತಿ ಊರಿದರೆ ಜಾರುತ್ತದೆ, ಹೆಬ್ಬೆರಳು ಮಣ್ಣಿಗೆ ಚುಚ್ಚಿ ನಡೆದರೆ ನಿಲ್ಲುತ್ತದೆ. ಎತ್ತಿನ ಕಾಲಿಗೆ ಲಾಳ ಹೊಡೆಯುತ್ತೇವೆ. ಕೆಸರುಗದ್ದೆಗೆ ಇಳಿಯುವ ಟ್ರ್ಯಾಕ್ಟರ್‌ಗೆ ಕಬ್ಬಿಣದ ಕೇಜ್ ವೀಲ್ ಹಾಕುತ್ತೇವೆ. ಮಳೆಗಾಲದಲ್ಲಿ ಎಸ್ಟೇಟ್ ದಾರಿಯ ಜೀಪುಗಳು ಹಿಂದಿನ ಚಕ್ರಕ್ಕೆ ಚೈನ್ ಕಟ್ಟಿಕೊಂಡು ಕೆಂಪು ಕೆಸರನ್ನು ಅಗೆಯುತ್ತಾ ಏರುವುದನ್ನು ನೋಡಿದವರಿಗೆ ಲಾಹೌಲಿನ ಚೈನ್ ಹೊಸದೇನಲ್ಲ.

ಚೈನ್ ಹುಟ್ಟಿದ್ದೂ ಕೆಸರಿನ ಕಾಟದಿಂದಲೇ. ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟಾ ಊರಿನ ಹ್ಯಾರಿ ವೀಡ್, ಕಾರಿನವರು ಕೆಸರಲ್ಲಿ ಸಿಕ್ಕಿಬಿದ್ದಾಗ ಟೈರ್‌ಗೆ ಹಗ್ಗ, ಬಳ್ಳಿ ಸುತ್ತುವುದನ್ನು ನೋಡಿದ್ದರು. 1904ರಲ್ಲಿ ಅವರಿಗೆ ಟೈರ್ ಚೈನಿನ ಪೇಟೆಂಟ್ ಸಿಕ್ಕಿತು. ಯುದ್ಧದ ಟ್ಯಾಂಕಿನ ಪಟ್ಟಿಯೂ ಒಂದು ಅರ್ಥದಲ್ಲಿ ಇದೇ ಸಂಸಾರದ್ದು, ನೆಲ ಕಚ್ಚುವ ಉಕ್ಕಿನ ಕೊಂಡಿಗಳ ಕೊನೆಯಿಲ್ಲದ ಸರಪಳಿ. 1948ರ ನವೆಂಬರ್ 1ರಂದು, ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದಲ್ಲಿ, ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಸ್ಟುವರ್ಟ್ ಟ್ಯಾಂಕುಗಳನ್ನು ಸುಮಾರು 3,500 ಮೀಟರ್ ಎತ್ತರದ ಜೋಜಿ ಲಾ ಎಂಬ ಬೆಟ್ಟದ ಕಣಿವೆದಾರಿಗೆ ಹತ್ತಿಸಿದರು. ಅದಕ್ಕೆ ದಾರಿ ಕಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರು ಕೆರೆಯ ಪಕ್ಕ ಕೇಂದ್ರ ಇರುವ ಸೇನೆಯ ಎಂಜಿನಿಯರಿಂಗ್ ದಳ. ಆ ಎತ್ತರದಲ್ಲಿ ಟ್ಯಾಂಕ್ ಬರುತ್ತದೆ ಅಂತ ಎದುರಿನವರು ಎಣಿಸಿಯೇ ಇರಲಿಲ್ಲ. ಕೆರೆ ಸುತ್ತ ಓಡಾಡುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಚೈನ್ ಆರಿಸುವಾಗ ಮೊದಲು ನೋಡಬೇಕಾದದ್ದು ಅಳತೆ. ಟೈರ್ ಪಕ್ಕದಲ್ಲಿ 215/60 ಆರ್17 ಅಂತೇನೋ ಬರೆದಿರುತ್ತದಲ್ಲ, ಚೈನಿನ ಡಬ್ಬಿ ಮೇಲೆ ಅದೇ ಇರಬೇಕು. ನನ್ನ ಮೊದಲ ಪ್ರವಾಸದಲ್ಲಿ ಮನಾಲಿಯ ರಸ್ತೆಬದಿ ಅಂಗಡಿಯೊಂದರಲ್ಲಿ "ಎಲ್ಲ ಗಾಡಿಗೂ ಆಗತ್ತೆ" ಅಂತ ಬಾಡಿಗೆಗೆ ಕೊಟ್ಟ ಚೈನ್ ಒಂದು ಸೈಜ್ ದೊಡ್ಡದಿತ್ತು. ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಟಕ್ ಟಕ್ ಟಕ್ ಅಂತ ಶುರುವಾಯಿತು. ಈ ಅಳತೆಯ ಟೈರ್‌ನ ಸುತ್ತಳತೆ 2.17 ಮೀಟರ್, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಹತ್ತಿರ ಹತ್ತಿರ ನಾಲ್ಕು ಸುತ್ತು ತಿರುಗುತ್ತದೆ, ಸಡಿಲ ತುದಿ ಅಷ್ಟೇ ಸಲ ಚಾಟಿಯ ಹಾಗೆ ಬೀಸುತ್ತದೆ. ನಿಲ್ಲಿಸಿ ಟಾರ್ಚ್ ಬಿಟ್ಟು ನೋಡಿದರೆ ಚಕ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದು ನೇತಾಡುತ್ತಿತ್ತು. ಬ್ರೇಕ್ ಪೈಪಿಗೆ ಎರಡು ಬೆರಳು ದೂರದಲ್ಲಿ ಹೊಡೆತದ ಗುರುತು. ಅವತ್ತಿನಿಂದ ಅಳತೆಯ ವಿಷಯದಲ್ಲಿ ನನಗೆ ರಾಜಿ ಇಲ್ಲ.

ಟೈರ್‌ಗೂ ಒಳಗಿನ ಭಾಗಗಳಿಗೂ ನಡುವೆ ಜಾಗ ಎಷ್ಟಿದೆ ಅಂತಲೂ ನೋಡಬೇಕು. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಮಾನದಂಡದ 'ಎಸ್' ವರ್ಗದ ಚೈನ್ ಇಕ್ಕಟ್ಟಿನ ಕಾರುಗಳಿಗೆಂದೇ ಇರುವುದು. ಅದಕ್ಕೂ ಟೈರ್ ಮೇಲ್ಗಡೆ 37 ಮಿಲಿಮೀಟರ್, ಪಕ್ಕದಲ್ಲಿ 15 ಮಿಲಿಮೀಟರ್ ಜಾಗ ಬೇಕು. ಕೆಲವು ಕಾರಿನ ಕೈಪಿಡಿಯಲ್ಲಿ ಚೈನ್ ಹಾಕಲೇಬೇಡಿ ಅಂತಲೂ ಇರುತ್ತದೆ.

ಆಮೇಲೆ ವಿನ್ಯಾಸ. ಏಣಿ ಮೆಟ್ಟಿಲಿನ ಹಾಗೆ ಅಡ್ಡಡ್ಡ ಸರಪಳಿ ಇರುವುದು ಒಂದು ಬಗೆ, ಡೈಮಂಡ್ ಆಕಾರದ ಬಲೆ ಇನ್ನೊಂದು. 2.17 ಮೀಟರ್ ಸುತ್ತಳತೆಯಲ್ಲಿ ಹತ್ತು ಮೆಟ್ಟಿಲಿದ್ದರೆ ಎರಡರ ನಡುವೆ ಹತ್ತಿರ ಹತ್ತಿರ 22 ಸೆಂಟಿಮೀಟರ್. ಟೈರ್ ನೆಲ ಮುಟ್ಟುವ ಉದ್ದ ಅದಕ್ಕಿಂತ ಕಡಿಮೆ. ಅಂದರೆ ಪ್ರತಿ ಸುತ್ತಿನಲ್ಲೂ ಕೆಲವು ಕ್ಷಣ ನೆಲದ ಮೇಲೆ ಬರೀ ರಬ್ಬರ್, ಚೈನೇ ಇಲ್ಲ! ಇನ್ನೊಂದು ತೊಂದರೆ, ಅಡ್ಡ ಸರಪಳಿ ಮುಂದೆ ಹಿಂದೆ ಜಾರುವುದನ್ನು ತಡೆಯುತ್ತದೆ, ಪಕ್ಕಕ್ಕೆ ಜಾರಿದರೆ ತನ್ನ ಉದ್ದಕ್ಕೇ ಸರಿದುಬಿಡುತ್ತದೆ. ಡೈಮಂಡ್‌ನಲ್ಲಿ ಓರೆ ಸರಪಳಿಗಳು ಯಾವಾಗಲೂ ನೆಲದ ಮೇಲಿರುತ್ತವೆ, ಎರಡೂ ದಿಕ್ಕಿಗೆ ಕಚ್ಚುತ್ತವೆ. ಇಳಿಜಾರಿನ ತಿರುವುಗಳಿಗೆ ಡೈಮಂಡೇ ವಾಸಿ ಅಂತ ನನ್ನ ಅಭಿಪ್ರಾಯ. ಮೊಣಕಾಲುದ್ದದ ಹಿಮ, ಅಡಿಯಲ್ಲಿ ಗಟ್ಟಿ ನೆಲ, ನೇರ ಏರು, ಇಂಥಲ್ಲಿ ಏಣಿ ಚೈನ್ ದೋಣಿಯ ಹುಟ್ಟಿನ ಹಾಗೆ ಅಗೆದುಕೊಂಡು ಹೋಗುತ್ತದೆ. ಬಟ್ಟೆಯ ಸಾಕ್ಸ್ ಥರದ್ದೂ ಸಿಗುತ್ತದೆ, ರಸ್ತೆಯ ಹಿಮಕ್ಕೆ ಸರಿ, ಕಲ್ಲು ದಾರಿಯಲ್ಲಿ ಬೇಗ ಹರಿಯುತ್ತದೆ.

ಎರಡೇ ಚೈನ್ ಇದ್ದರೆ ಯಾವ ಚಕ್ರಕ್ಕೆ? ಎಳೆಯುವ ಚಕ್ರಕ್ಕೆ. ಆದರೆ ಮುಂದೆ ಮಾತ್ರ ಹಾಕಿ ಇಳಿಯುವಾಗ ಬ್ರೇಕ್ ಒತ್ತಿದರೆ ಮುಂಭಾಗ ಹಿಡಿಯುತ್ತದೆ, ಹಿಂಭಾಗ ಜಾರಿ ಕಾರನ್ನೇ ತಿರುಗಿಸುತ್ತದೆ. ಹಿಂದೆ ಮಾತ್ರ ಹಾಕಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೋಗುತ್ತದೆ. ರಸ್ತೆ ಬಿಟ್ಟು ಇಳಿಯುವವರಿಗೆ ನಾಲ್ಕೂ ಚಕ್ರಕ್ಕೆ ಬೇಕು. ನಾಲ್ಕೂ ಚಕ್ರ ಎಳೆಯುವ ಫೋರ್ ಬೈ ಫೋರ್ ಇದೆ, ಚೈನ್ ಯಾಕೆ ಅನ್ನುವವರಿಗೆ ಒಂದು ಮಾತು, ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುವುದು. ಫೋರ್ ಬೈ ಫೋರ್ ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಅಲ್ಲ.

ಗಾಳಿ ಇಳಿಸುವ ವಿದ್ಯೆ ಮರಳಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಅಲ್ಲಿ ಹೂತುಹೋಗದೆ ತೇಲಬೇಕು. ಐಸ್ ಮೇಲೆ ಚುಚ್ಚಬೇಕು. ಮೇಲಾಗಿ ಚೈನ್ ಹಾಕಿದ ಮೇಲೆ ಗಾಳಿ ಇಳಿಸಿದರೆ ಟೈರ್ ಕುಗ್ಗಿ ಚೈನ್ ಸಡಿಲವಾಗುತ್ತದೆ.

ಹಾಕುವುದನ್ನು ಮನೆಯಲ್ಲೇ ಕಲಿಯಿರಿ. ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್, ಚಕ್ರಕ್ಕೊಂದು ಕಲ್ಲು. ಸರಪಳಿಯ ತಿರುಚು ಬಿಡಿಸಿ ಟೈರ್ ಮೇಲೆ ಹೊದಿಸಿ. ಕೊಕ್ಕೆಗಳ ತೆರೆದ ತುದಿ ಹೊರಮುಖವಾಗಿರಲಿ, ಒಳಗಿದ್ದರೆ ರಬ್ಬರ್ ಕೊಯ್ಯುತ್ತದೆ. ಮೊದಲು ಒಳಗಡೆಯ ಕೊಕ್ಕೆ, ಆಮೇಲೆ ಹೊರಗಡೆಯದು. ನೂರು ಮೀಟರ್ ಹೋಗಿ ಮತ್ತೆ ಬಿಗಿ ಮಾಡಿ, ಮೊದಲ ಸಲ ಎಷ್ಟು ಬಿಗಿದರೂ ಅದು ಸಡಿಲವಾಗಿಯೇ ಆಗುತ್ತದೆ. ಸಾಮಾನ್ಯವಾಗಿ ಗಂಟೆಗೆ 50 ಕಿಲೋಮೀಟರ್ ಮಿತಿ ಹೇಳುತ್ತಾರೆ, ಕಚ್ಚಾ ದಾರಿಯಲ್ಲಿ 30 ಕೂಡ ಜಾಸ್ತಿ. ಟಾರ್ ಕಂಡ ಕೂಡಲೇ ಬಿಚ್ಚಿ. ಗಟ್ಟಿ ರಸ್ತೆಯಲ್ಲಿ ಕಚ್ಚಲು ಏನೂ ಸಿಗದೆ ಕೊಂಡಿಗಳು ತಾವೇ ಸವೆದು ತುಂಡಾಗುತ್ತವೆ.

ಎರಡನೇ ಸಲ ಹೊರಡುವ ಮುಂಚೆ ನಾನು ನಮ್ಮ ಪಾರ್ಕಿಂಗ್‌ನಲ್ಲಿ ಮೂರು ಭಾನುವಾರ ಕೂತು ಅಭ್ಯಾಸ ಮಾಡಿದೆ. ಮೊದಲ ವಾರ ಒಂದು ಚಕ್ರಕ್ಕೆ ನಲವತ್ತು ನಿಮಿಷ ಹಿಡಿಯಿತು, ಮೂರನೇ ವಾರ ಹನ್ನೆರಡು. ಸಿಸ್ಸುವಿನ ಚಳಿಯಲ್ಲಿ, ಕೈಗವಸು ಹಾಕಿಕೊಂಡು, ಇಪ್ಪತ್ತು.