ಬೆಟ್ಟ ಹತ್ತಿಸುವವರ ಕಥೆ: ‘ಇವತ್ತು ಬೇಡ’ ಎನ್ನುವ ಹಕ್ಕು ಯಾರದು?

ಎವರೆಸ್ಟ್ ತುದಿಯ ಹತ್ತಿರ ಜನ ಸಾಲುಗಟ್ಟಿ ನಿಂತ ಫೋಟೊ ಬಂತೆಂದರೆ ಜಗಳ ಶುರು. ಪರ್ಮಿಟ್ ಜಾಸ್ತಿ ಕೊಟ್ಟರು ಅಂತ ಒಬ್ಬರು, ದುಡ್ಡಿಗಾಗಿ ಗೈಡ್‌ಗಳು ಯಾರನ್ನು ಬೇಕಾದರೂ ಹತ್ತಿಸುತ್ತಾರೆ ಅಂತ ಇನ್ನೊಬ್ಬರು. ಹತ್ತಿಸೋದಿಲ್ಲ ಅನ್ನುವ ಸ್ವಾತಂತ್ರ್ಯ ಆ ಗೈಡ್‌ಗೆ ಇದೆಯಾ ಅಂತ ಕೇಳುವವರು ಕಡಿಮೆ. ಈ ಪ್ರಶ್ನೆಗೆ ಇನ್ನೂರು ವರ್ಷ ವಯಸ್ಸಾಗಿದೆ.

ಶುರುವಾಗಿದ್ದು ಆಲ್ಪ್ಸ್‌ನಲ್ಲಿ. ಈಗ ಫ್ರಾನ್ಸ್‌ನಲ್ಲಿರುವ ಶಾಮನಿ ಕಣಿವೆಯ ಜನ ಬೇಟೆಗೆ, ಸ್ಫಟಿಕದ ಕಲ್ಲು ಹುಡುಕಲು ಬೆಟ್ಟಕ್ಕೆ ಹೋಗುತ್ತಿದ್ದರು. ತುದಿಯಲ್ಲಿ ಅವರಿಗೇನೂ ಕೆಲಸವಿರಲಿಲ್ಲ. 1760ರಲ್ಲಿ ಜಿನೀವಾದ ವಿಜ್ಞಾನಿ ಸೊಸ್ಯೂರ್, ಆಲ್ಪ್ಸ್‌ನ ಅತಿ ಎತ್ತರದ ಬೆಟ್ಟ ಮೋಂ ಬ್ಲಾಂ ತುದಿಗೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುತ್ತೇನೆ ಎಂದರು. 1786ರಲ್ಲಿ ಅದೇ ಕಣಿವೆಯ ಜಾಕ್ ಬಾಲ್ಮಾ ಮತ್ತು ವೈದ್ಯ ಪಕ್ಕಾರ್ ಹತ್ತಿಯೇಬಿಟ್ಟರು. ಮರುವರ್ಷ ಸೊಸ್ಯೂರ್ ತಾವೇ ಹೊರಟಾಗ ಜೊತೆಗೆ 18 ಗೈಡ್‌ಗಳು. ಅಲ್ಲಿಗೆ ಇದೊಂದು ಕಸುಬಾಯಿತು.

1820ರ ಆಗಸ್ಟ್‌ನಲ್ಲಿ ಒಂದು ತಂಡ ಅದೇ ಬೆಟ್ಟ ಏರುತ್ತಿತ್ತು. ಹೊಸ ಹಿಮ ಬಿದ್ದಿತ್ತು, ಗೈಡ್‌ಗಳಿಗೆ ಮುಂದೆ ಹೋಗಲು ಮನಸ್ಸಿರಲಿಲ್ಲ. ಆದರೂ ತಂಡ ಮುಂದೆ ಹೋಯಿತು. ಇಳಿಜಾರು ಕುಸಿದು ಮೂವರು ಗೈಡ್‌ಗಳು ಹಿಮದ ಬಿರುಕಿನೊಳಗೆ ಹೂತುಹೋದರು. ಗಿರಾಕಿಗಳೆಲ್ಲ ಬದುಕಿದರು. 41 ವರ್ಷದ ಮೇಲೆ, 1861ರಲ್ಲಿ, ಹಿಮನದಿಯ ಕೆಳತುದಿಯಲ್ಲಿ ಆ ಮೂವರ ಅವಶೇಷಗಳು ಹೊರಬರತೊಡಗಿದವು.

ಅಪಘಾತದ ಮರುವರ್ಷವೇ ಶಾಮನಿ ಗೈಡ್‌ಗಳು ಸಂಘ ಕಟ್ಟಿಕೊಂಡರು. ಕಷ್ಟಕ್ಕೆ ಸಿಕ್ಕವರಿಗೆ ನೆರವಾಗಲು ಒಂದು ನಿಧಿ, ಕೆಲಸ ಹಂಚಲು ಸರದಿ. ಗಿರಾಕಿ ತನಗಿಷ್ಟವಾದ ಗೈಡನ್ನು ಆರಿಸುವಂತಿಲ್ಲ, ಸರದಿ ಯಾರದೋ ಅವರೇ ಹೊರಡಬೇಕು. ಇದರಿಂದ ನುರಿತವನಿಗೂ ಸೋಮಾರಿಗೂ ಒಂದೇ ಬೆಲೆ ಬರುತ್ತದೆ ಎಂದು ಬ್ರಿಟಿಷ್ ಆರೋಹಿಗಳು ಗೊಣಗಿದರು. ಅದು ಸುಳ್ಳೇನಲ್ಲ. ಆದರೆ ನಾಳೆಯ ಕೂಲಿಗೆ ಗಿರಾಕಿಯ ಮುಖ ನೋಡಬೇಕಾಗಿಲ್ಲದವನು ಮಾತ್ರ ‘ವಾಪಸ್ ಹೋಗೋಣ’ ಎಂದು ಧೈರ್ಯವಾಗಿ ಹೇಳಬಲ್ಲ, ಅಲ್ವಾ?

ಆಮೇಲಿನ ನೂರು ವರ್ಷಗಳಲ್ಲಿ ಪರವಾನಗಿ ಬಂತು, ದರಪಟ್ಟಿ ಬಂತು, ಗಿರಾಕಿಗಳು ಅಭಿಪ್ರಾಯ ಬರೆದುಕೊಡುವ ಪುಸ್ತಕ ಗೈಡ್‌ಗಳ ಜೇಬಿಗೆ ಬಂತು. 1965ರಲ್ಲಿ ಗೈಡ್‌ಗಳದೇ ಅಂತರರಾಷ್ಟ್ರೀಯ ಒಕ್ಕೂಟವೂ ಹುಟ್ಟಿತು.

ಹಿಮಾಲಯದ ಕಥೆ ಬೇರೆ ಥರ ನಡೆಯಿತು. ಇಲ್ಲಿ ಸ್ಥಳೀಯರನ್ನು ಕರೆದದ್ದು ದಾರಿ ತೋರಿಸಲು ಅಲ್ಲ, ಹೊರೆ ಹೊರಲು. 1922ರಲ್ಲಿ ಎವರೆಸ್ಟ್ ಮೇಲೆ ಹಿಮಕುಸಿತಕ್ಕೆ ಸಿಕ್ಕಿ ಸತ್ತ ಏಳೂ ಜನ ಹೊರೆಯಾಳುಗಳೇ. 1953ರಲ್ಲಿ ತೇನ್‌ಸಿಂಗ್ ತುದಿ ಮುಟ್ಟಿದ ಮೇಲೆ ಗೌರವ ಬಂತು, ಮರುವರ್ಷ ಡಾರ್ಜಿಲಿಂಗ್‌ನಲ್ಲಿ ತರಬೇತಿ ಸಂಸ್ಥೆಯೂ ಬಂತು. ‘ಶೆರ್ಪಾ’ ಎಂಬ ಜನಾಂಗದ ಹೆಸರೇ ಹೊರಗಿನವರ ಬಾಯಲ್ಲಿ ಕೆಲಸದ ಹೆಸರಾಯಿತು. 1990ರ ದಶಕದಲ್ಲಿ ದುಡ್ಡು ಕೊಟ್ಟು ಎವರೆಸ್ಟ್ ಏರುವ ವ್ಯಾಪಾರ ಬೆಳೆದಾಗ ಹೊರೆ ಹೊರುವುದು, ಹಗ್ಗ ಕಟ್ಟುವುದು, ಗಿರಾಕಿಯನ್ನು ಕಾಯುವುದು ಎಲ್ಲವೂ ಒಬ್ಬನ ಮೇಲೇ ಬಿತ್ತು.

ಎವರೆಸ್ಟ್ ದಾರಿಯ ‘ಕುಂಬು ಹಿಮಪಾತ’ವನ್ನೇ ನೋಡಿ. ಇದು ಹಿಮ ಸುರಿಯುವುದಲ್ಲ, ಹಿಮನದಿ ಕಡಿದಾಗಿ ಇಳಿಯುವ ಜಾಗ. ಬೇಸ್ ಕ್ಯಾಂಪ್ ಬಿಟ್ಟೊಡನೆ ಸಿಗುವ ಈ ಜಾಗದಲ್ಲಿ ಮನೆಯಷ್ಟು ದೊಡ್ಡ ಮಂಜುಗಡ್ಡೆಗಳು ದಿನಾ ಜರುಗುತ್ತಿರುತ್ತವೆ. ಬಿರುಕುಗಳ ಮೇಲೆ ಅಲ್ಯೂಮಿನಿಯಂ ಏಣಿ ಅಡ್ಡ ಹಾಕಿರುತ್ತಾರೆ. ಬೂಟಿಗೆ ಕಟ್ಟಿದ ಉಕ್ಕಿನ ಮುಳ್ಳು ಏಣಿಯ ಮೆಟ್ಟಿಲಿಗೆ ತಾಗಿ ಕಟಕಟ ಎನ್ನುತ್ತದೆ, ಕೆಳಗೆ ತಳ ಕಾಣುವುದಿಲ್ಲ. ಬಿಸಿಲೇರಿದರೆ ಮಂಜು ಸಡಿಲವಾಗುತ್ತದೆಂದು ನಡುರಾತ್ರಿಯೇ ಹೊರಡಬೇಕು. ಗಿರಾಕಿ ಇಲ್ಲಿ ಕೆಲವೇ ಸಲ ಓಡಾಡಿದರೆ ಸಾಕು. ಡೇರೆ, ಆಮ್ಲಜನಕದ ಸಿಲಿಂಡರ್, ಅಡುಗೆ ಸಾಮಾನು ಹೊತ್ತವರು ಒಂದು ಸೀಸನ್‌ನಲ್ಲಿ ಅದರ ಎಷ್ಟೋ ಪಟ್ಟು ಓಡಾಡುತ್ತಾರೆ. ತುದಿ ಏರಿದ ಲೆಕ್ಕ ಇಬ್ಬರಿಗೂ ಒಂದೇ, ಅಪಾಯದ ಲೆಕ್ಕ ಒಂದೇ ಅಲ್ಲ.

2014ರ ಏಪ್ರಿಲ್ 18ರ ಬೆಳಿಗ್ಗೆ ಅಲ್ಲಿ ಮಂಜಿನ ದೊಡ್ಡ ಗೋಡೆ ಕುಸಿಯಿತು. ಸತ್ತವರು 16 ಜನ, ಎಲ್ಲರೂ ನೇಪಾಳದ ಕೆಲಸಗಾರರು. ಮೂವರ ಶವ ಸಿಗಲೇ ಇಲ್ಲ. ಸರ್ಕಾರ ತಕ್ಷಣಕ್ಕೆ ಘೋಷಿಸಿದ್ದು ಒಂದು ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಸಾವಿನ ವಿಮೆ ಆಗ 10 ಲಕ್ಷ ಇತ್ತು. ದುಃಖ ಸಿಟ್ಟಾಯಿತು. ಈ ಸಲ ಹತ್ತುವುದಿಲ್ಲ ಎಂದು ಶೆರ್ಪಾಗಳು ಕೂತುಬಿಟ್ಟರು. ದಕ್ಷಿಣದ, ಅಂದರೆ ನೇಪಾಳದ ಕಡೆಯ ಸೀಸನ್ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ವಿಮೆ 15 ಲಕ್ಷಕ್ಕೆ ಏರಿತು. ಕೆಲಸಗಾರರೆಲ್ಲ ಒಟ್ಟಾಗಿ ‘ಬೇಡ’ ಎಂದರೆ ಬೆಟ್ಟವೇ ಬಂದ್ ಆಗುತ್ತದೆ ಎಂದು ಆಗ ಗೊತ್ತಾಯಿತು. ಒಬ್ಬನೇ ಬೇಡ ಎಂದರೆ ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ, ಅಷ್ಟೇ. ಸೀಸನ್ ಇರುವುದೇ ಎರಡು ತಿಂಗಳು, ವರ್ಷದ ಸಂಪಾದನೆ ಬಹುಪಾಲು ಅದರಲ್ಲೇ.

ಅಲ್ಲಿಂದೀಚೆ ಬದಲಾವಣೆ ಆಗಿಲ್ಲ ಎನ್ನುವಂತಿಲ್ಲ. ನೇಪಾಳದ ಗೈಡ್‌ಗಳೂ ಆ ಅಂತರರಾಷ್ಟ್ರೀಯ ಒಕ್ಕೂಟದ ಬ್ಯಾಡ್ಜ್ ಪಡೆಯುತ್ತಿದ್ದಾರೆ. ಹಿಂದೆ ವಿದೇಶಿ ಕಂಪನಿಗಳ ಕೈಯಲ್ಲಿದ್ದ ವ್ಯಾಪಾರದ ದೊಡ್ಡ ಪಾಲು ಈಗ ಶೆರ್ಪಾಗಳದೇ ಕಂಪನಿಗಳಿಗೆ ಬಂದಿದೆ. ಆದರೆ ಅವುಗಳ ನಡುವೆಯೇ ದರ ಇಳಿಸುವ ಪೈಪೋಟಿ ಇದೆ.

2022ರ ಜುಲೈನಲ್ಲಿ ವಿಪರೀತ ಬಿಸಿಲಿಗೆ ಮೋಂ ಬ್ಲಾಂ ದಾರಿಯಲ್ಲಿ ಕಲ್ಲುಗಳು ಉರುಳತೊಡಗಿದಾಗ, 1821ರಲ್ಲಿ ಹುಟ್ಟಿದ ಅದೇ ಶಾಮನಿ ಸಂಘ ಎಲ್ಲರೂ ಬಳಸುವ ಆ ದಾರಿಗೆ ಗಿರಾಕಿಗಳನ್ನು ಕರೆದೊಯ್ಯುವುದನ್ನು ನಿಲ್ಲಿಸಿತು. ಮರುವರ್ಷ ಏಪ್ರಿಲ್‌ನಲ್ಲಿ ಕುಂಬು ಹಿಮಪಾತದಲ್ಲಿ ಹೊರೆ ಸಾಗಿಸುತ್ತಿದ್ದ ಮೂವರು ಶೆರ್ಪಾಗಳು ಸತ್ತರು. ಆ ಸೀಸನ್‌ಗೆ ನೇಪಾಳ ಕೊಟ್ಟ ಎವರೆಸ್ಟ್ ಪರ್ಮಿಟ್ 478, ಅಲ್ಲಿಯವರೆಗಿನ ದಾಖಲೆ. ಹತ್ತುವುದು ನಿಲ್ಲಲಿಲ್ಲ.